ತೋಟದಲ್ಲಿ ಹೊಸ ಪದ್ಧತಿ ತರುವುದು ಹೇಗೆ? ತಕ್ಕಡಿಯಿಂದ ಶುರು ಮಾಡಿ

ಡಿಸೆಂಬರ್ ಕೊನೆಯ ವಾರ, ಸಂಜೆ ಐದು ದಾಟಿತ್ತು. ಕಣದ ಅಂಚಿನಲ್ಲಿ ಕಾಫಿ ಹಣ್ಣಿನ ಚೀಲಗಳು ಸಾಲಾಗಿ ನಿಂತಿದ್ದವು. ಒಬ್ಬ ಅಕ್ಕ ತಮ್ಮ ಚೀಲವನ್ನು ತಕ್ಕಡಿಯ ಕೊಕ್ಕೆಗೆ ಹಾಕಿಸಿ, ಕತ್ತು ಚಾಚಿ ಮುಳ್ಳು ನೋಡಲು ಹೋದರು. ಮುಳ್ಳು ಇದ್ದದ್ದು ತೋಟದ ಲೆಕ್ಕ ಬರೆಯುವ ರೈಟರ್ ಕಡೆಗೆ. "ಎಷ್ಟಾಯ್ತಣ್ಣ?" ಅಂದರು. "ನಲವತ್ತೊಂದು" ಅಂತ ರೈಟರ್ ಬರೆದುಕೊಂಡರು. ಅಕ್ಕ ಏನೂ ಹೇಳಲಿಲ್ಲ. ಪಕ್ಕದವರ ಮುಖ ಒಮ್ಮೆ ನೋಡಿದರು. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕೆಲಸದವರ ಲೈನ್ ಮನೆ ಕಡೆ ಹೊರಟರು.

ಆ ನೋಟ ನನ್ನನ್ನು ಬಹಳ ದಿನ ಕಾಡಿತು. ಯಾಕಂದ್ರೆ ಅದೇ ವರ್ಷ ನಾನು ಮೂಡಿಗೆರೆ ಕಡೆಯ ನಮ್ಮ ತೋಟದ ಜವಾಬ್ದಾರಿಯನ್ನು ಅಪ್ಪನಿಂದ ವಹಿಸಿಕೊಂಡಿದ್ದೆ. ಬಂದ ಎರಡೇ ತಿಂಗಳಿಗೆ ಫೋನ್‌ನಲ್ಲಿ ಹಾಜರಿ ಹಾಕುವ ಪದ್ಧತಿ ತಂದಿದ್ದೆ. ಕುಯ್ಲಿನ ಗಡಿಬಿಡಿ ನಡುವೆ, ಯಾರನ್ನೂ ಕೇಳದೆ. ನೆಟ್‌ವರ್ಕ್ ಇಲ್ಲದ ಬ್ಲಾಕ್‌ನಲ್ಲಿ (ತೋಟದ ಒಂದು ಭಾಗದಲ್ಲಿ) ಕೆಲಸ ಮಾಡಿದವರ ಎರಡು ದಿನದ ಹಾಜರಿ ಹಾರಿಹೋಯಿತು. ಕೂಲಿ ಬಟವಾಡೆ ದಿನ ಜಗಳ ಆಯಿತು. ಜನವರಿಯಲ್ಲಿ ಒಂದು ಇಡೀ ತಂಡ ಪಕ್ಕದ ತೋಟಕ್ಕೆ ಹೋಯಿತು. ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಬಿತ್ತು. ಆಗ ನಾನು ಬೈದದ್ದು ಕೆಲಸದವರನ್ನು. ತಕ್ಕಡಿಯನ್ನೇ ನಂಬದವರು ಫೋನನ್ನು ಹೇಗೆ ನಂಬುತ್ತಾರೆ ಅನ್ನುವುದು ಹೊಳೆದದ್ದು ಬೇಸಿಗೆ ಬಂದ ಮೇಲೆ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಆಲ್ದೂರು, ಕೊಪ್ಪ, ಎಲ್ಲೇ ಆಗಲಿ, ಹೊಸದಾಗಿ ತೋಟ ನೋಡಿಕೊಳ್ಳಲು ಬಂದ ಮಾಲೀಕರು, ಮ್ಯಾನೇಜರ್, ರೈಟರ್ ಇವರಿಗೆಲ್ಲ ಇದನ್ನು ಬರೆಯುತ್ತಿದ್ದೇನೆ. ಈಗ ತೋಟದಲ್ಲಿ ಬದಲಾವಣೆ ಒಂದೊಂದಾಗಿ ಬರುತ್ತಿಲ್ಲ. ಹೊರ ರಾಜ್ಯದ ಕೆಲಸದವರು, ಬ್ಯಾಂಕ್ ಮೂಲಕ ಕೂಲಿ, ಯಂತ್ರಗಳು, ಕೊಳ್ಳುವವರು ಕೇಳುವ ದಾಖಲೆ, ಆನೆ, ಎಲ್ಲವೂ ಒಟ್ಟಿಗೆ ಬಂದು ನಿಂತಿವೆ. ಅದಕ್ಕೇ ಕ್ರಮ ಮುಖ್ಯ.

ಮೊದಲು ಹದಿನೈದು ದಿನ ಸುಮ್ನೆ ನೋಡಿ

ಯಾವುದನ್ನೂ ಬದಲಾಯಿಸಬೇಡಿ. ಮೂರು ಜಾಗದಲ್ಲಿ ಹೋಗಿ ನಿಲ್ಲಿ: ಬೆಳಿಗ್ಗೆ ಹಾಜರಿ ಹಾಕುವಲ್ಲಿ, ಸಂಜೆ ತೂಕ ಮಾಡುವಲ್ಲಿ, ವಾರದ ಬಟವಾಡೆಯಲ್ಲಿ. ಕೆಲಸದ ಜಾಗದ ಸಂಸ್ಕೃತಿ ಅಂತ ದೊಡ್ಡ ಮಾತಲ್ಲಿ ಹೇಳುತ್ತಾರಲ್ಲ, ತೋಟದಲ್ಲಿ ಅದು ಕಾಣುವುದು ಈ ಮೂರು ಕಡೆ. ಯಾರು ಮುಂದೆ ನಿಂತು ಮಾತಾಡುತ್ತಾರೆ? ಯಾರು ಬಾಯೇ ಬಿಡುವುದಿಲ್ಲ? ಹಣ ಎಣಿಸಿಕೊಂಡ ಮೇಲೆ ಯಾರು ಯಾರ ಹತ್ತಿರ ಹೋಗಿ ಲೆಕ್ಕ ಕೇಳುತ್ತಾರೆ? ರೈಟರ್ ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುತ್ತಿದ್ದರೆ, ತೋಟದಲ್ಲಿ ಜನ ನಂಬುವ ಲೆಕ್ಕ ಆ ಇನ್ನೊಬ್ಬರದ್ದು ಅಂತ ಅರ್ಥ.

ಆಮೇಲೆ ಒಂದೇ ಪ್ರಶ್ನೆ ಕೇಳಿ: "ಇಲ್ಲಿ ದಿನಾ ಕಿರಿಕಿರಿ ಆಗೋದು ಯಾವುದು?" ಎಲ್ಲರನ್ನೂ ಸೇರಿಸಿ ಕೇಳಿದರೆ ಉತ್ತರ ಬರುವುದಿಲ್ಲ. "ಎಲ್ಲ ಚೆನ್ನಾಗಿದೆ ಗೌಡ್ರೆ" ಅನ್ನುತ್ತಾರೆ, ಅಷ್ಟೇ. ಹತ್ತು ಗಂಟೆ ಟೀ ಹೊತ್ತಿನಲ್ಲಿ ಇಬ್ಬರು ಮೂವರ ಜೊತೆ ಕೂತು ಕೇಳಿ. ಕೂಲಿ ಜಾಸ್ತಿ ಮಾಡಿ ಅಂತಾರೆ ಅಂದುಕೊಂಡಿದ್ದೆ. ನನಗೆ ಸಿಕ್ಕ ಉತ್ತರ ಬೇರೆ. ಕುಡಿಯುವ ನೀರು ದೂರ. ಯಾವ ಬ್ಲಾಕ್ ಅಂತ ಬೆಳಿಗ್ಗೆ ಹೇಳುತ್ತೀರಿ, ಹಿಂದಿನ ದಿನವೇ ಹೇಳಿದರೆ ಮಗುವನ್ನು ಎಲ್ಲಿ ಬಿಡಬೇಕು ಅಂತ ಗೊತ್ತಾಗುತ್ತೆ. ಮಳೆಗಾಲದಲ್ಲಿ ತಲೆ ಮೇಲೆ ಹೊದೆಯುವ ಕೊಪ್ಪೆ ಒಣಗಿಸಲು ಜಾಗ ಇಲ್ಲ. ಮತ್ತೆ ಒಬ್ಬ ಅಜ್ಜಿ, ಬಹಳ ಮೆಲ್ಲಗೆ, "ತಕ್ಕಡಿ ಮುಳ್ಳು ನಮಗೆ ಕಾಣಲ್ಲ ಮಗ" ಅಂದರು.

ನೀರಿನ ಡ್ರಮ್ ಮಾರನೇ ದಿನವೇ ಬ್ಲಾಕ್ ಹತ್ತಿರ ಹೋಗಲಿ. ಇಂಥ ಚಿಕ್ಕದನ್ನು ಸಭೆಗೆ ಕಾಯಿಸಬೇಡಿ.

ಯಾಕೆ ಅನ್ನುವುದನ್ನು ನಿಮಗೆ ನೀವೇ ಹೇಳಿಕೊಳ್ಳಿ

ಬದಲಾವಣೆ ಯಾಕೆ ಬೇಕು ಅಂತ ಎರಡು ಸಾಲಲ್ಲಿ ಹೇಳಲು ಬರದಿದ್ದರೆ ಇನ್ನೂ ಕಾಯಿರಿ. ನನ್ನ ಎರಡು ಸಾಲು ಹೀಗಿದ್ದವು: ಯುರೋಪಿಗೆ ಹೋಗುವ ಕಾಫಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋರಿಸಬೇಕು, ಬೆಳೆದ ದೇಶದ ಕಾರ್ಮಿಕ ಕಾನೂನನ್ನೂ ಪಾಲಿಸಿರಬೇಕು. ಯುರೋಪಿಯನ್ ಒಕ್ಕೂಟ 2023ರಲ್ಲೇ ಈ ಕಾನೂನು ಮಾಡಿದೆ, ಹಾಗಾಗಿ ನಮ್ಮ ಹಾಜರಿ, ಕೂಲಿ, ಬ್ಲಾಕ್‌ನ ಲೆಕ್ಕ ಸರಿಯಾಗಿರಲೇಬೇಕು.

ಹಳಬರು ಒಪ್ಪುವುದಿಲ್ಲ ಅಂತ ಸಿಟ್ಟು ಬಂದರೆ ನಮ್ಮ ಮನೆಯ ಹಿರಿಯರನ್ನು ನೆನಪಿಸಿಕೊಳ್ಳಿ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆದದ್ದೆಲ್ಲ ಕಾಫಿ ಬೋರ್ಡ್‌ನ ಪೂಲ್‌ಗೆ ಹೋಗುತ್ತಿತ್ತು, ಎಲ್ಲರದ್ದನ್ನೂ ಸೇರಿಸಿ ಬೋರ್ಡೇ ಮಾರುತ್ತಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಅದು ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಹೋಯಿತು. ಮಾರುಕಟ್ಟೆ ದರ ತಾವೇ ನೋಡಿ ಮಾರಬೇಕು ಅಂದಾಗ ಎಷ್ಟು ಬೆಳೆಗಾರರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ! ನಮ್ಮಪ್ಪ ಎರಡು ವರ್ಷ ಪಕ್ಕದ ತೋಟದವರು ಮಾರಿದ ಮೇಲೇ ಮಾರುತ್ತಿದ್ದರು. ಅವರಿಗೆ ಇದ್ದದ್ದು ಹಟ ಅಲ್ಲ, ಭಯ. ಕೆಲಸದವರಿಗೆ ಈಗ ಇರುವುದೂ ಅದೇ.

ಕಾಲ ನೋಡಿ ಕೈ ಹಾಕಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಹೊಸದೇನೂ ಬೇಡ. ಅರೇಬಿಕಾ ಜಾತಿಯ ಕಾಫಿ ಮುಗಿಯುವಷ್ಟರಲ್ಲಿ ರೊಬಸ್ಟಾ ಜಾತಿಯದ್ದು ಬರುತ್ತದೆ, ಕಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕುಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಯೂ ಆಗಿ, ತೋಟ ಒಂದು ಉಸಿರು ಬಿಡುವ ಏಪ್ರಿಲ್-ಮೇ ಮಾತುಕತೆಗೆ ಒಳ್ಳೆಯ ಸಮಯ. ಜೂನ್‌ನಿಂದ ಸೆಪ್ಟೆಂಬರ್, ಕಾಯಂ ಕೆಲಸದವರಷ್ಟೇ ಇರುವಾಗ, ಚಿಕ್ಕದಾಗಿ ಅಭ್ಯಾಸ ಮಾಡಿ. ಫ್ಲೈ ಪಿಕಿಂಗ್, ಅಂದರೆ ಮೊದಲು ಹಣ್ಣಾದದ್ದನ್ನಷ್ಟೇ ಆರಿಸಿ ಕೀಳುವ ಸುತ್ತು, ಬಂದಾಗ ನಿಜವಾದ ಪರೀಕ್ಷೆ. ಆಗ ಹಣ್ಣು ಕಮ್ಮಿ, ಜನ ಕಮ್ಮಿ, ತಪ್ಪಾದರೆ ಸರಿ ಮಾಡಲು ಪುರುಸೊತ್ತು ಇರುತ್ತದೆ. ಅದರಲ್ಲಿ ಪಾಸಾಗದ ಪದ್ಧತಿಯನ್ನು ದೊಡ್ಡ ಕುಯ್ಲಿಗೆ ಒಯ್ಯಬೇಡಿ. ಒಂದು ವರ್ಷಕ್ಕೆ ಒಂದು ದೊಡ್ಡ ಬದಲಾವಣೆ ಸಾಕು.

ಮೇಸ್ತ್ರಿ ಮತ್ತು ರೈಟರ್‌ಗೆ ಎಲ್ಲರಿಗಿಂತ ಮೊದಲು ಹೇಳಿ

ಇಲ್ಲಿ ಅವಸರ ಮಾಡಬೇಡಿ. ಬಹಳಷ್ಟು ತೋಟಗಳಲ್ಲಿ ಹೊಸದು ಮುಗ್ಗರಿಸುವುದು ಈ ಹೆಜ್ಜೆಯಲ್ಲೇ.

ಕೆಲಸದವರನ್ನು ನೋಡಿಕೊಳ್ಳುವ ನಮ್ಮ ಮೇಸ್ತ್ರಿ ಹತ್ತಿರ ಒಂದು ಉದ್ದನೆಯ ಪುಸ್ತಕ ಇತ್ತು. ಅದರ ಬೆನ್ನಿಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹೊಲಿದಿದ್ದರು, ಮಳೆಗೆ ನೆನೆಯಬಾರದು ಅಂತ. ಒಬ್ಬೊಬ್ಬರ ಹೆಸರಿನ ಮುಂದೆ ಗೆರೆ, ಅರ್ಧ ದಿನಕ್ಕೆ ಅರ್ಧ ಗೆರೆ. ಕೆಲವು ಹೆಸರಿನ ಪಕ್ಕ ಒಂದು ಚಿಕ್ಕ ಚುಕ್ಕಿ. ಏನು ಅಂತ ಕೇಳಿದೆ. "ಇವರಿಗೆ ಬೆನ್ನು ನೋವು, ಇಳಿಜಾರಿಗೆ ಹಾಕಬಾರದು. ಇವರು ಬಸುರಿ. ಇವರಿಬ್ಬರಿಗೂ ಮಾತಿಲ್ಲ, ಒಂದೇ ಸಾಲಿಗೆ ಬಿಡಬಾರದು" ಅಂದರು. ನಾನು ತಂದಿದ್ದ ಫೋನ್ ಪದ್ಧತಿಯಲ್ಲಿ ಆ ಚುಕ್ಕಿ ಇಡಲು ಜಾಗವೇ ಇರಲಿಲ್ಲ. ಇಪ್ಪತ್ತು ವರ್ಷ ಅವರು ಕಟ್ಟಿದ ತಿಳಿವಳಿಕೆಯನ್ನು ಒಂದು ಬೆಳಿಗ್ಗೆ ಕಸಕ್ಕೆ ಹಾಕಿದ ಹಾಗೆ ಮಾಡಿದ್ದೆ. ಅವರು ವಿರೋಧಿಸಲಿಲ್ಲ. ಸುಮ್ಮನಾದರು. ಮೇಸ್ತ್ರಿ ಸುಮ್ಮನಾದರೆ ತೋಟ ನಿಲ್ಲುತ್ತದೆ.

ಹಾಗಾಗಿ ಅವರ ಜೊತೆ ಕೂರುವಾಗ ಮೂರು ವಿಷಯ ಬಾಯಿಬಿಟ್ಟು ಹೇಳಿ. ಒಂದು, ಅವರ ಕೆಲಸ ಮತ್ತು ಸಂಬಳ ಹೋಗುವುದಿಲ್ಲ. ಎರಡು, ಹೊಸ ಪದ್ಧತಿಯಲ್ಲಿ ಅವರ ಹೊಸ ಕೆಲಸ ಯಾವುದು. ನಮ್ಮಲ್ಲಿ ಹಾಜರಿ ಒತ್ತುವುದು ರೈಟರ್, ಯಾರು ಯಾವ ಬ್ಲಾಕ್‌ಗೆ ಅನ್ನುವುದು ಪೂರ್ತಿ ಮೇಸ್ತ್ರಿ ತೀರ್ಮಾನ ಅಂತ ಆಯಿತು. ಮೂರು, "ಇದರಲ್ಲಿ ಎಲ್ಲಿ ಎಡವುತ್ತೇವೆ ಅಂತ ನಿಮಗೆ ಅನ್ನಿಸುತ್ತೆ?" ಅಂತ ಕೇಳಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ನಿಜವಾಗಿ ಬದಲಿಸಿ. ಬದಲಿಸುವ ಮನಸ್ಸಿಲ್ಲದಿದ್ದರೆ ಕೇಳಲೇಬೇಡಿ, ಅದು ಇನ್ನೂ ದೊಡ್ಡ ಅವಮಾನ.

ಈಗ ತಕ್ಕಡಿ

ಕೆಲಸದವರಿಗೆ ಮೊದಲು ಏನಾದರೂ ಸಿಗಲಿ, ಆಮೇಲೆ ಅವರಿಂದ ಕೇಳೋಣ. ನಾನು ಕಲಿತದ್ದರಲ್ಲಿ ದೊಡ್ಡದು ಇದು. ಕುಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೊಡುವ ತೋಟದಲ್ಲಿ ತಕ್ಕಡಿ ಸರಿ ಮಾಡುವುದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಎರಡು ಕಡೆಗೂ ಅಂಕಿ ಕಾಣುವ ಎಲೆಕ್ಟ್ರಾನಿಕ್ ತಕ್ಕಡಿ ತನ್ನಿ. ಅಂಕಿಯ ಮುಖ ಹಣ್ಣು ಕುಯ್ದವರ ಕಡೆಗೂ ಇರಲಿ. ತೂಕ-ಅಳತೆ ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷ ವರ್ಷ ಹಾಕಿಸಿ, ಪ್ರಮಾಣಪತ್ರವನ್ನು ಕಣದ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಮುದ್ರೆ ಇರುವ 20 ಕೆ.ಜಿ. ಬಟ್ಟು ಇಡಿ. ಯಾರಿಗೆ ಅನುಮಾನ ಬಂದರೂ ಯಾರ ಅನುಮತಿಯೂ ಬೇಕಿಲ್ಲದೆ ಅದನ್ನು ಇಟ್ಟು ನೋಡಬಹುದು. ಮೊದಲ ವಾರ ಎಲ್ಲರೂ ಇಡುತ್ತಾರೆ, ಸಾಲು ನಿಧಾನ ಆಗುತ್ತದೆ. ಆಗಲಿ. ಎರಡನೇ ವಾರದಲ್ಲಿ ಒಬ್ಬರೋ ಇಬ್ಬರೋ ಇಡುತ್ತಾರೆ.

ಚೀಲದ ತೂಕ ಎಷ್ಟು ಕಳೆಯುತ್ತೀರಿ ಅನ್ನುವುದನ್ನು ಖಾಲಿ ಚೀಲ ಎಲ್ಲರೆದುರು ತೂಗಿ ತೋರಿಸಿ. ಗೋಣಿಗೆ ಒಂದು, ಪ್ಲಾಸ್ಟಿಕ್ ಚೀಲಕ್ಕೆ ಒಂದು. ಎಲೆ, ಹಸಿ ಕಾಯಿ ಜಾಸ್ತಿ ಇದ್ದರೆ ಏನು ಮಾಡುತ್ತೀರಿ ಅನ್ನುವುದಕ್ಕೂ ಮೊದಲೇ ಒಂದು ನಿಯಮ ಇರಲಿ. ನಮ್ಮಲ್ಲಿ ಅಂದಾಜಿನ ಕಡಿತ ಇಲ್ಲ: ಅವರೇ ಆರಿಸಿ ತೆಗೆದು ಮತ್ತೆ ತೂಗಿಸಬೇಕು.

ಮತ್ತೆ, ಪಾಯಿಂಟ್ ಬಿಡಬೇಡಿ. 41.8 ಬಂದರೆ 41.8 ಅಂತಲೇ ಬರೆಯಿರಿ. ಕೆ.ಜಿ.ಗೆ 5 ರೂಪಾಯಿ ಅಂತ ಇಟ್ಟುಕೊಂಡರೆ ಆ 800 ಗ್ರಾಂಗೆ 4 ರೂಪಾಯಿ. 60 ದಿನದ ಕುಯ್ಲಿಗೆ 240 ರೂಪಾಯಿ. ನಿಮಗೆ ಅದು ಲೆಕ್ಕಕ್ಕಿಲ್ಲದ ಮೊತ್ತ ಇರಬಹುದು. ಅವರಿಗೆ ಆ ದುಡ್ಡಿಗಿಂತ ಜಾಸ್ತಿ ನೋಯಿಸುವುದು, ದಿನಾ ಸಂಜೆ ತಮ್ಮ ಬೆವರಿನ ಒಂದು ಚೂರನ್ನು ಯಾರೋ ಕಣ್ಣೆದುರೇ ಅಳಿಸುತ್ತಾರೆ ಅನ್ನುವ ಭಾವನೆ. ಬರೆದ ತೂಕದ ಒಂದು ಚೀಟಿ ಅವರ ಕೈಗೂ ಹೋಗಲಿ.

ಎಲ್ಲರಿಗೂ ಹೇಳುವ ದಿನ

ಸಂಜೆ ಬೇಡ, ಎಲ್ಲರಿಗೂ ಮನೆ ಸೇರುವ ಅವಸರ. ಬೆಳಿಗ್ಗೆ ಹಾಜರಿ ಆದ ಮೇಲೆ ಹೇಳಿ, ಆ ಅರ್ಧ ಗಂಟೆಗೂ ಕೂಲಿ ಇದೆ ಅಂತ ಮೊದಲೇ ತಿಳಿಸಿ. ಎಲ್ಲರೂ ಕೂತಿರಲಿ, ನೀವೂ ಕೂರಿ. ಮೇಸ್ತ್ರಿ ನಿಮ್ಮ ಪಕ್ಕದಲ್ಲಿರಲಿ. ಮಾತು ಚಿಕ್ಕದಾಗಿರಲಿ. ನಾನು ಎರಡನೇ ಸಲ ಹೇಳಿದ್ದು ಹೀಗೆ:

"ಹೋದ ವರ್ಷ ಹಾಜರಿ ವಿಷಯದಲ್ಲಿ ತಪ್ಪು ನನ್ನದು. ಕಳೆದುಹೋದ ದಿನಗಳ ಕೂಲಿ ಈ ವಾರ ಕೊಡ್ತೀನಿ. ಈ ವರ್ಷ ಮತ್ತೆ ಫೋನ್‌ನಲ್ಲಿ ಹಾಜರಿ ಹಾಕ್ತೀವಿ, ಆದರೆ ಮೇಸ್ತ್ರಿ ಪುಸ್ತಕವೂ ಇರುತ್ತೆ. ಎರಡರಲ್ಲಿ ವ್ಯತ್ಯಾಸ ಬಂದರೆ ಪುಸ್ತಕವೇ ಸರಿ. ಯಾರ ಕೂಲಿಯೂ ಇದರಿಂದ ಕಮ್ಮಿ ಆಗಲ್ಲ. ದೀಪಾವಳಿ ಆದ ಮೇಲೆ ಮತ್ತೆ ಇಲ್ಲೇ ಕೂತು, ಇದು ಬೇಕಾ ಬೇಡವಾ ಮಾತಾಡೋಣ."

ಏನು ಬದಲಾಗುತ್ತೆ, ಏನು ಬದಲಾಗಲ್ಲ, ತಪ್ಪಾದರೆ ನಷ್ಟ ಯಾರದ್ದು, ಮತ್ತೆ ಯಾವಾಗ ಮಾತಾಡೋಣ. ಈ ನಾಲ್ಕು ಇದ್ದರೆ ಸಾಕು. ತಪ್ಪಿನ ನಷ್ಟ ತೋಟದ್ದು, ಕೆಲಸದವರದ್ದಲ್ಲ ಅನ್ನುವುದನ್ನು ಮಾತ್ರ ನುಂಗಬೇಡಿ.

ಆಮೇಲೆ ಎರಡು ಪುಸ್ತಕ ಒಟ್ಟಿಗೆ ನಡೆಸಿ, ಕನಿಷ್ಠ ಎಂಟು ಬಟವಾಡೆ. ಪ್ರತಿ ಶನಿವಾರ ಎರಡನ್ನೂ ಪಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿ. ಸತತ ನಾಲ್ಕು ವಾರ ಎರಡೂ ಒಂದೇ ಬಂದರೆ ಪುಸ್ತಕ ನಿಲ್ಲಿಸುವ ಮಾತೆತ್ತಬಹುದು. ನಮ್ಮಲ್ಲಿ ಇನ್ನೂ ನಿಲ್ಲಿಸಿಲ್ಲ. ಆ ಚುಕ್ಕಿಗಳಿಗೆ ಬೇರೆ ಜಾಗ ಸಿಕ್ಕಿಲ್ಲ.

ಹೊರಗಿನಿಂದ ಬಂದವರು

ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದವರಿಲ್ಲದೆ ಈಗ ಎಷ್ಟೋ ತೋಟಗಳಲ್ಲಿ ಕುಯ್ಲು ಮುಗಿಯುವುದಿಲ್ಲ. ಆದರೂ ಹಾಜರಿ ಪುಸ್ತಕದಲ್ಲಿ "ಅಸ್ಸಾಂನವರು 12" ಅಂತ ಬರೆಯುವ ಪದ್ಧತಿ ಹಲವು ಕಡೆ ಇದೆ. ಅದನ್ನು ಇವತ್ತೇ ಬಿಡಿ. ಹೆಸರು ಬರೆಯಿರಿ, ಹೆಸರು ಹಿಡಿದು ಕರೆಯಿರಿ. ಅವರಲ್ಲಿ ಸ್ವಲ್ಪ ಕನ್ನಡ ಕಲಿತ ಒಬ್ಬರು ಇದ್ದೇ ಇರುತ್ತಾರೆ. ಸಭೆಯ ದಿನ ಅವರನ್ನು ಮುಂದೆ ಕೂರಿಸಿ, ಒಂದೊಂದು ಮಾತಿಗೂ ನಿಲ್ಲಿಸಿ ಅವರ ಭಾಷೆಯಲ್ಲಿ ಹೇಳಿಸಿ. ಮೊದಲ ವಾರ ಊರಿನ ಒಬ್ಬರು, ಹೊರಗಿನ ಒಬ್ಬರು ಅಂತ ಅಕ್ಕಪಕ್ಕದ ಸಾಲಿಗೆ ಹಾಕಿ. ಹಣ್ಣು ಹೇಗೆ ಕೀಳಬೇಕು, ಮುಂದಿನ ವರ್ಷದ ಮೊಗ್ಗು ಬರುವ ಗೆಣ್ಣು ಹೇಗೆ ಉಳಿಸಬೇಕು ಅನ್ನುವುದನ್ನು ಮಾತಿಗಿಂತ ಕೈ ನೋಡಿ ಬೇಗ ಕಲಿಯುತ್ತಾರೆ.

ಊರವರಿಗೊಂದು ದರ, ಅವರಿಗೊಂದು ದರ ಇಡಬೇಡಿ. ಇಟ್ಟರೆ ಎರಡು ತೋಟ ಆಗುತ್ತದೆ, ಒಂದಾಗಿ ಉಳಿಯುವುದಿಲ್ಲ. ಅವರ ಆಧಾರ್ ಕಾರ್ಡಿನ ಅಸಲನ್ನು ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ, ನಕಲು ಸಾಕು. 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾನೂನುಗಳನ್ನು ಒಟ್ಟು ಸೇರಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1951ರ ತೋಟ ಕಾರ್ಮಿಕರ ಕಾಯ್ದೆಯೂ ಅದರಲ್ಲಿ ಸೇರಿಕೊಂಡಿದೆ. ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡಬೇಕು ಅನ್ನುವುದು ಈಗ ಕಾನೂನು. ಒಂದು ಪುಟ ಸಾಕು, ಓದಿ ಹೇಳಿ ಕೊಡಿ.

ಕೂಲಿ ಬ್ಯಾಂಕ್‌ಗೆ ಹೋಗುವಾಗ

ಇಲ್ಲಿ ಒಂದು ಗುಂಡಿ ಇದೆ. ಗಂಡ ಹೆಂಡತಿ ಇಬ್ಬರೂ ಕೆಲಸ ಮಾಡುವ ಮನೆಯಲ್ಲಿ "ಒಂದೇ ಖಾತೆಗೆ ಹಾಕಿ ಸಾಕು" ಅಂತ ಗಂಡ ಹೇಳುತ್ತಾರೆ. ಕೈಗೆ ಕೊಡುವಾಗ ಹೆಂಡತಿಯ ದುಡ್ಡು ಹೆಂಡತಿ ಸೆರಗಿಗೆ ಹೋಗುತ್ತಿತ್ತು. ಪದ್ಧತಿ ಬದಲಾದ ದಿನ ಆ ದುಡ್ಡು ಅವರ ಕೈತಪ್ಪಬಾರದು. ಅವರವರ ಖಾತೆಗೇ ಹಾಕಿ. ಖಾತೆ ಇಲ್ಲದಿದ್ದರೆ ಮಾಡಿಸಿಕೊಡುವವರೆಗೆ ಕೈಗೆ ಕೊಡಿ, ಸಹಿ ತೆಗೆದುಕೊಳ್ಳಿ. ಸಂತೆ ಹಿಂದಿನ ದಿನವೇ ಹಣ ಬಿದ್ದಿರಲಿ. ಒಂದೇ ಕೆಲಸಕ್ಕೆ ಗಂಡಸರಿಗೊಂದು ಹೆಂಗಸರಿಗೊಂದು ಕೂಲಿ ಕೊಡುವುದು 1976ರಿಂದಲೇ ಕಾನೂನಿಗೆ ವಿರುದ್ಧ. ದಾಖಲೆ ಬ್ಯಾಂಕಿನಲ್ಲಿ ಕಾಣುವ ಈ ಕಾಲದಲ್ಲಾದರೂ ಅದನ್ನು ಸರಿ ಮಾಡೋಣ.

ಅಡ್ವಾನ್ಸ್ ಕೊಡುವುದು ನಮ್ಮ ಕಡೆ ಹಳೇ ರೂಢಿ, ಮದುವೆಗೆ, ಆಸ್ಪತ್ರೆಗೆ ಬೇಕಾಗುತ್ತದೆ. ಕೊಡಿ. ಆದರೆ ಸಾಲ ತೀರುವವರೆಗೆ ಬಿಟ್ಟು ಹೋಗುವ ಹಾಗಿಲ್ಲ ಅಂತ ಹಿಡಿದಿಟ್ಟರೆ ಅದು ಜೀತ. ಜೀತ ಪದ್ಧತಿ ರದ್ದು ಮಾಡಿದ ಕಾಯ್ದೆಯೂ 1976ರದ್ದೇ.

"ಇವತ್ತು ಆ ಕಡೆ ಬೇಡ" ಅನ್ನುವ ಹಕ್ಕು

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಬೆಳಿಗ್ಗೆ ಮೊದಲು ಕೇಳುವ ಪ್ರಶ್ನೆ "ಆನೆ ಎಲ್ಲಿದೆ?". ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಸುದ್ದಿ ಬರುತ್ತದೆ, ವಾಟ್ಸಾಪ್‌ನಲ್ಲೂ ಓಡಾಡುತ್ತದೆ. ಆದರೆ ಹಸಿ ಲದ್ದಿಯನ್ನು, ಮುರಿದ ಬೈನೆ ಮರವನ್ನು ಮೊದಲು ನೋಡುವುದು ಸಾಲಿನಲ್ಲಿ ಮುಂದೆ ಹೋಗುವವರು. ಅವರು ಅದನ್ನು ಹೇಳುತ್ತಾರಾ, ಇಲ್ಲ ಬೈಸಿಕೊಳ್ಳಬೇಕಾಗುತ್ತದೆ ಅಂತ ಸುಮ್ಮನಿರುತ್ತಾರಾ? ನಿಮ್ಮ ನಾಯಕತ್ವ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ನಮ್ಮ ನಿಯಮ ಇಷ್ಟು: ಯಾರೇ ಆಗಲಿ, ನಿನ್ನೆ ಸೇರಿದವರೇ ಆಗಲಿ, "ಇವತ್ತು ಆ ಕಡೆ ಬೇಡ" ಅಂದರೆ ಆ ಬ್ಲಾಕ್‌ಗೆ ಯಾರೂ ಹೋಗುವುದಿಲ್ಲ. ಕಣದಲ್ಲೋ ಮನೆ ಹತ್ತಿರದ ಬ್ಲಾಕ್‌ನಲ್ಲೋ ಕೆಲಸ. ಹಾಜರಿ ಪೂರ್ತಿ. ಕೆ.ಜಿ. ಲೆಕ್ಕದ ದಿನವಾದರೆ ದಿನಗೂಲಿ ಖಾತ್ರಿ. ಹೇಳಿದ್ದು ಸುಳ್ಳಾದರೂ ಯಾರೂ ಆಡಿಕೊಳ್ಳುವ ಹಾಗಿಲ್ಲ. ಮೊದಲ ಸಲ ಒಬ್ಬ ಹುಡುಗ ಹೀಗೆ ಹೇಳಿದಾಗ ಅಲ್ಲಿ ಆನೆ ಇರಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದರು. "ಸರಿ, ಕಣಕ್ಕೆ ಬನ್ನಿ" ಅಂದೆ. ಅರ್ಧ ದಿನದ ಕುಯ್ಲು ಹೋಯಿತು. ಆದರೆ ಅಲ್ಲಿಂದ ಮುಂದೆ ತಕ್ಕಡಿ ಕೆಟ್ಟಿದೆ, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ನಲ್ಲಿ ಬೇಳೆ ಒಡೆಯುತ್ತಿದೆ, ಸ್ಪ್ರೇ ಮಾಡುವವರಿಗೆ ಕೈಗವಸು ಇಲ್ಲ, ಇವೆಲ್ಲ ನನ್ನ ಕಿವಿಗೆ ಅದೇ ದಿನ ಬೀಳತೊಡಗಿದವು.

ಹೆಂಗಸರ ದೂರಿಗೆ ಬೇರೆಯೇ ದಾರಿ ಇರಬೇಕು. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಹೆಂಗಸರೇ ಅದರ ಅಧ್ಯಕ್ಷರು, ಸದಸ್ಯರಲ್ಲಿ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಹೆಂಗಸರು, ಹೊರಗಿನವರೊಬ್ಬರು. ತೋಟ ಚಿಕ್ಕದಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಇದನ್ನೂ ತಕ್ಕಡಿ ಪಕ್ಕದ ಗೋಡೆಗೆ ಬರೆಸಿ, ಜೊತೆಗೆ ಬಾಯಲ್ಲೂ ಹೇಳಿ.

ಕುಯ್ಲು ಮುಗಿದ ಮೇಲೆ

ಕೊನೆಯ ಬಟವಾಡೆ ದಿನ ಅವಸರದಲ್ಲಿ ಲೆಕ್ಕ ಮುಗಿಸಿ ಕಳಿಸಬೇಡಿ. ಒಬ್ಬೊಬ್ಬರನ್ನೂ ಕೂರಿಸಿ ಇಡೀ ಸೀಸನ್‌ನ ಚೀಟಿ, ತೂಕ, ದುಡ್ಡು ಓದಿ ಹೇಳಿ. ಮುಂದಿನ ವರ್ಷ ಏನು ಬದಲಾಗಬೇಕು ಅಂತ ಒಂದು ಮಾತು ಕೇಳಿ ಬರೆದುಕೊಳ್ಳಿ. ಆಮೇಲೆ ಮುಂದಿನ ಅಕ್ಟೋಬರ್‌ನಲ್ಲಿ, ನೀವು ಯಾರಿಗೂ ಫೋನ್ ಮಾಡುವ ಮೊದಲು, "ಅಣ್ಣ, ಹಣ್ಣು ಯಾವಾಗ?" ಅಂತ ತಾವಾಗಿ ಫೋನ್ ಮಾಡಿದವರು ಎಷ್ಟು ಜನ ಅಂತ ಎಣಿಸಿ. ಆ ಅಂಕಿಯನ್ನು ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.